ನಾನು ಕಾಣದ ರಾಬಿನ್

ತಾನೇ ಕಾಣದ್ದನ್ನು ಮಕ್ಕಳಿಗೆ ಕಲಿಸಹೊರಟವನಿಗೆ ಫಜೀತಿ ತಪ್ಪಿದ್ದಲ್ಲ. ನಲವತ್ತರ ದಶಕದಲ್ಲಿ ನಾನು ಭಟ್ಕಳ, ಹೊನ್ನಾವರ, ಕುಮಟಾ ಕಡೆ ಇಂಗ್ಲಿಷ್ ಮಾಸ್ತರನಾಗಿದ್ದೆ. ಎಲ್ಲಿಗೆ ವರ್ಗವಾದರೂ ಅಮೆರಿಕದ ರಾಬಿನ್ ಹಕ್ಕಿಯ ಪಾಠ ನನ್ನ ಬೆನ್ನು ಬಿಡಲಿಲ್ಲ.

೧. ಶಿರಾಲಿಯ ಹುಂಜ

ಭಟ್ಕಳದ ಹತ್ತಿರದ ಶಿರಾಲಿಯ ಶಾಲೆಯಲ್ಲಿ, ರಾಬಿನ್ ಬೆಳಕು ಹರಿಯುವ ಮೊದಲೇ ಹಾಡುತ್ತದೆ, ಅಂಗಳದಲ್ಲಿ ಓಡಾಡಿ ಎರೆಹುಳ ಎಳೆದು ತಿನ್ನುತ್ತದೆ, ಎದೆ ಕೆಂಪು ಎಂದು ವಿವರಿಸಿ, ನಮ್ಮೂರಲ್ಲಿ ಅಂಥದ್ದು ಯಾವುದಿದೆ ಎಂದು ಕೇಳಿದೆ. ಯಾರಾದರೂ ಬೆಳಗಿನ ಜಾವ ಸಿಳ್ಳೆ ಹಾಕಿ ಹಾಡುವ ಮಡಿವಾಳ ಹಕ್ಕಿಯ ಹೆಸರು ಹೇಳಿಯಾರೆಂದು ನನ್ನ ಆಸೆ. ಹಿಂದಿನ ಸಾಲಿನ ಹುಡುಗಿ ಎದ್ದು ತಮ್ಮ ಮನೆಯ ಹುಂಜ ಅಂದಳು.

ಹುಂಜ ಹಾಡುತ್ತದೆಯೇ ಎಂದೆ. ನಮಗೆ ಕೂಗು, ಅಮೆರಿಕದವರಿಗೆ ಹಾಡು, ಅಷ್ಟೇ ವ್ಯತ್ಯಾಸ ಎಂದಳು. ರಾಬಿನ್ ಮೊಟ್ಟೆ ನೀಲಿ ಎಂದು ಕೊನೆಯ ಅಸ್ತ್ರ ಬಿಟ್ಟೆ.

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಹುಂಜ ಮೊಟ್ಟೆಯನ್ನೇ ಇಡೂದಿಲ್ಲ ಮಾಸ್ತರೇ. ನಿಮಗೆ ಯಾರೋ ಎಂತದೋ ಹೇಳಿದ್ದಾರೆ."

೨. ಮೀಸೆಯ ಹಕ್ಕಿ

ಹೊನ್ನಾವರದಲ್ಲಿ ಚಿತ್ರ ತೋರಿಸಿಯೇ ಪಾಠ ಮಾಡುವುದೆಂದು ಕರ್ಕಿಯ ಯಕ್ಷಗಾನ ವೇಷಧಾರಿಯೊಬ್ಬರನ್ನು ಕೇಳಿಕೊಂಡೆ. ಕಪ್ಪು ತಲೆ, ಕೆಂಪು ಎದೆ, ಕಣ್ಣಿನ ಸುತ್ತ ಬಿಳಿ ಗೆರೆ ಎಂದು ಹೇಳಿಬಂದೆ. ಅವರು ಬರೆದುಕೊಟ್ಟದ್ದನ್ನು ಗೋಡೆಗೆ ತೂಗಿದ್ದೇ ತಡ, ಮುಂದಿನ ಬೆಂಚು ಖಾಲಿಯಾಯಿತು. ಹಕ್ಕಿ ಹುಬ್ಬು ಗಂಟಿಕ್ಕಿ, ಮೀಸೆ ಬಿಟ್ಟು ನಿಂತಿತ್ತು. ಇಷ್ಟು ಬಣ್ಣ ಬಳಿದ ಮೇಲೆ ರಾಕ್ಷಸನಾಗದೆ ಇನ್ನೇನು ಎಂಬುದು ಅವರ ವಾದ. ಮೀಸೆಯಾದರೂ ತೆಗೆಯಿರಿ ಎಂದು ಬೇಡಿಕೊಂಡೆ.

"ಆತು," ಎಂದರು ಗಂಭೀರವಾಗಿ, "ರಾಕ್ಷಸಿ ಮಾಡಿಕೊಡ್ತೆ."

೩. ಸಾಹೇಬರ ಷರಾ

ಕುಮಟೆಯಲ್ಲಿ ನನ್ನ ನೌಕರಿ ಕಾಯಂ ಆಗುವುದು ಇನ್‌ಸ್ಪೆಕ್ಟರ್ ಸಾಹೇಬರು ಶಾಲೆಯ ತಪಾಸಣೆ ಮಾಡಿ ಬರೆಯುವ ಷರಾದ ಮೇಲೆ ನಿಂತಿತ್ತು. ಹೇಳದೆ ಕೇಳದೆ ಬಂದ ಸಾಹೇಬರು ನನ್ನ ಕುರ್ಚಿಯಲ್ಲಿ ಕೂತು ಅದೇ ಪಾಠ ತೆರೆದರು. ರಾಬಿನ್ ಕಿಟಕಿಯ ಗಾಜಿನಲ್ಲಿ ತನ್ನನ್ನೇ ಕಂಡು ಕುಕ್ಕುತ್ತದಲ್ಲ, ಅದು ಯಾರೆಂದು ತಿಳಿದು ಹಾಗೆ ಮಾಡುತ್ತದೆ ಎಂದು ಕೇಳಿದರು. ಪುಸ್ತಕದಲ್ಲಿದ್ದ ಉತ್ತರ 'ರೈವಲ್', ಅಂದರೆ ಎದುರಾಳಿ.

ಅಘನಾಶಿನಿ ಊರಿನಿಂದ ಬರುತ್ತಿದ್ದ ಹುಡುಗ ಎದ್ದು ನಿಂತ. "ಇನ್‌ಸ್ಪೆಕ್ಟರ್ ಅಂತ ತಿಳಿದು, ಸರ್."

ಹಾಗೆಂದು ಯಾರು ಕಲಿಸಿದರು ಎಂದು ಸಾಹೇಬರು ಕೇಳಿದರು.

"ರೈವಲ್ ಅಂದ್ರೆ ಕರೆಯದೇ ನಮ್ಮ ಜಾಗಕ್ಕೆ ಬಂದು ಯಜಮಾನಿಕೆ ಮಾಡುವವ ಅಂತ ಮಾಸ್ತರು ಹೇಳಿದ್ದಾರೆ."

ಸಾಹೇಬರು ನಿಧಾನವಾಗಿ ನನ್ನ ಕುರ್ಚಿಯಿಂದ ಎದ್ದರು. ಷರಾ ಪುಸ್ತಕ ತರಿಸಿ, ನಿಂತೇ ಬರೆದು ಹೊರಟುಹೋದರು. ನೌಕರಿ ಹೋಯಿತೆಂದುಕೊಂಡು ಪುಸ್ತಕ ತೆರೆದೆ.

"ಇಂಗ್ಲಿಷ್ ಶಬ್ದಗಳ ಅರ್ಥ ಮಕ್ಕಳಿಗೆ ಸ್ಪಷ್ಟವಾಗಿ ತಿಳಿದಿದೆ. ಮಾಸ್ತರರನ್ನು ಕಾಯಂ ಮಾಡಲು ಅಡ್ಡಿಯಿಲ್ಲ. ಮುಂದಿನ ತಪಾಸಣೆಗೆ ಕರೆದರೆ ಬರುತ್ತೇನೆ."