ಖಾರಪುಡಿ ಹಚ್ಚಿದ ಟ್ಯೂಬು

ನಮ್ಮ ಬೀಗರ ಮನೆಯಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಹೆಣ್ಣು ನೋಡಲು ಬಂದ ದಿನ ನಮ್ಮ ಅಕ್ಕ ಶಾರದಾಳನ್ನು ಕಂಡ ಕೂಡಲೇ, ಈಗ ಅವಳ ಗಂಡನಾಗಿರುವ ಗಿರೀಶ ಮಾಮಾ ಅವರ ಕಣ್ಣಲ್ಲಿ ಆನಂದದ ನೀರು ಬಂತಂತೆ, ಮುಖ ನಾಚಿಕೆಯಿಂದ ಕೆಂಪಾಯಿತಂತೆ. ಮಾಮಾ ಅವರ ದೊಡ್ಡವ್ವ ಇದನ್ನು ಹೇಳುವಾಗ ಸೆರಗಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಳ್ಳುತ್ತಾರೆ. ನಾನು ಈ ಕಥೆಯನ್ನು ವಿರೋಧಿಸುತ್ತೇನೆ. ನೀರು ಬಂದದ್ದು ನಿಜ. ಕೆಂಪಾದದ್ದೂ ನಿಜ. ಆದರೆ ಅದಕ್ಕೆ ಕಾರಣ ಅಕ್ಕ ಅಲ್ಲ, ನನ್ನ ಸೈಕಲ್ಲಿನ ಹಿಂದಿನ ಗಾಲಿ.

ಆಗ ನಾನು ಹಾವೇರಿಯಲ್ಲಿ ಬಿ.ಎ. ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಢಾಲುಗಳು ನಮ್ಮ ಬ್ಯಾಡಗಿ ಮನೆಯ ಗೂಡಿನಲ್ಲಿ ದೇವರ ಫೋಟೊಗಳನ್ನು ಹಿಂದಕ್ಕೆ ತಳ್ಳಿದ್ದವು. ವಿಷಯ ಯಾವುದಾದರೂ ಸರಿ, ಪರವಾಗಿಯೂ ಮಾತಾಡಬಲ್ಲವಳು, ವಿರೋಧವಾಗಿಯೂ ಮಾತಾಡಬಲ್ಲವಳು. ನನ್ನ ಮಾತಿಗೆ ಬಗ್ಗದ ಎದುರಾಳಿ ಒಂದೇ, ಜಾಲಿಮುಳ್ಳು. ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಅದು ಟೈರಿಗೆ ಚುಚ್ಚುವುದು, ಹಾವೇರಿ ಬಸ್ಸು ನನ್ನನ್ನು ಬಿಟ್ಟು ಹೋಗುವುದು, ಇದೇ ನಡೆದಿತ್ತು.

ಇದಕ್ಕೆ ವೈಜ್ಞಾನಿಕ ಪರಿಹಾರ ಕಂಡುಕೊಳ್ಳಲು ರಾಣೆಬೆನ್ನೂರಿಗೆ ಹೋದೆ. ಸೈಕಲ್ ಅಂಗಡಿಯವನು ಎರಡು ಪಂಪು ತಂದಿಟ್ಟ. ಒಂದು, ಕಾಲಲ್ಲಿ ಮೆಟ್ಟಿ ಎರಡೂ ಕೈಯಿಂದ ಒತ್ತುವ ದೊಡ್ಡ ಪಂಪು. ಇನ್ನೊಂದು, ಸೈಕಲ್ಲಿಗೇ ಸಿಕ್ಕಿಸಿಕೊಳ್ಳುವ, ಕೊಳಲಿನಂಥ ಸಣ್ಣ ಪಂಪು.

"ದೊಡ್ಡದ ಒಯ್ಯಿ ತಂಗಿ. ಸಣ್ಣದ್ರಾಗ ಗಾಳಿ ಬರೂದಿಲ್ಲ, ಬರೇ ರಟ್ಟಿ ನೋಯತಾವ," ಎಂದ.

"ಪಂಕ್ಚರ್ ಎಲ್ಲಿ ಆಗತೈತ್ರಿ?"

"ದಾರ್ಯಾಗ."

"ದೊಡ್ಡ ಪಂಪು ಎಲ್ಲಿರತೈತ್ರಿ?"

"ಮನ್ಯಾಗ."

"ಮುಗೀತಲ್ರಿ ಮತ್ತ."

ಎದುರಾಳಿ ಸೋಲೊಪ್ಪಿ ಸಣ್ಣದನ್ನೇ ಕಾಗದದಲ್ಲಿ ಸುತ್ತಿಕೊಟ್ಟ. ತೂತು ಬಿದ್ದ ಟ್ಯೂಬಿಗೆ ಯಾವ ಪಂಪಿನಿಂದ ಹೊಡೆದರೂ ಗಾಳಿ ನಿಲ್ಲುವುದಿಲ್ಲ ಎಂಬ ಸಣ್ಣ ಅಂಶ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹೊರಡುವಾಗ ಅವನು ಒಂದು ಸಲಹೆ ಕೊಟ್ಟ. "ಟೈರಿನೊಳಗ ಟ್ಯೂಬಿಗೆ ಸ್ವಲ್ಪ ಪೌಡರ್ ಹಚ್ಚು. ತಿಕ್ಕಾಟ ಕಡಿಮಿ ಆಗತೈತಿ, ಟ್ಯೂಬು ಬಾಳಕಿ ಬರತೈತಿ."

"ಎಂಥಾ ಪೌಡರ್ ರೀ?"

"ಯಾವುದರ ಇರಲಿ. ನುಣ್ಣಗಿದ್ರಾತು."

ನಮ್ಮ ಮನೆಯಲ್ಲಿ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ಒಂದೇ ಇತ್ತು. ಅದು ಅಕ್ಕನದು, ಹೆಣ್ಣು ನೋಡಲು ಬರುವವರಿಗಾಗಿ ಕಾದಿಟ್ಟದ್ದು. ಹಾಗಾದರೆ ಬ್ಯಾಡಗಿಯಲ್ಲಿ ಧಾರಾಳವಾಗಿ ಸಿಗುವ, ನುಣ್ಣಗಿನ, ಒಣಗಿದ ಪುಡಿ ಬೇರೆ ಯಾವುದು? ತರ್ಕ ನನ್ನನ್ನು ನೇರವಾಗಿ ಅಡುಗೆಮನೆಗೆ ಕರೆದೊಯ್ದಿತು.

"ಏ ಸುಮಿ, ಖಾರಪುಡಿ ಡಬ್ಬಿ ಎಲ್ಲಿಗೆ ಒಯ್ಯಾಕತ್ತಿ?" ಎಂದಳು ಅವ್ವ.

"ಗಾಲಿಗೆ."

"ಯಾಕ, ಗಾಲಿ ರೊಟ್ಟಿ ತಿನ್ನಾಕತ್ತೈತೇನು?"

"ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ, ಯವ್ವಾ. ರಬ್ಬರಿಗೆ ಏನೂ ಆಗೂದಿಲ್ಲ."

ರಬ್ಬರಿನ ಬಗ್ಗೆ ನಾನು ಹೇಳಿದ್ದು ಕೊನೆಯವರೆಗೂ ಸರಿಯಾಗಿಯೇ ಉಳಿಯಿತು. ಬಹಳ ದಿನ ಪಂಕ್ಚರ್ ಆಗಲೇ ಇಲ್ಲ. ಓಣಿಯವರನ್ನು ನಿಲ್ಲಿಸಿ ನಿಲ್ಲಿಸಿ ಉಪನ್ಯಾಸ ಕೊಟ್ಟೆ.

ಅಷ್ಟರಲ್ಲಿ ಅಕ್ಕನಿಗೆ ರಾಣೆಬೆನ್ನೂರಿನ ಸಂಬಂಧ ಬಂತು. ಹುಡುಗ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ, ಹೆಸರು ಗಿರೀಶ. ಇದಕ್ಕಿಂತ ಮೊದಲು ಎರಡು ಸಂಬಂಧ ತಪ್ಪಿದ್ದವು. ಮೊದಲನೆಯವರ ಕಾಕಾ "ಹೆಣ್ಣುಮಕ್ಕಳು ಕಡಿಮಿ ಮಾತಾಡಬೇಕು" ಎಂದಾಗ, ಗಂಡಸರು ಎಷ್ಟು ಮಾತಾಡಬೇಕೆಂದು ನಾನು ವಿಚಾರಿಸಿದ್ದೆ. ಎರಡನೆಯವರು ಜಾತಕ ತೆಗೆದರು. ನಾನು ಗ್ರಹಗಳ ವಿರುದ್ಧ ಮಾತಾಡಿದೆ. ಇಬ್ಬರೂ ಕಾಗದ ಬರೆಯುತ್ತೇವೆಂದು ಹೋದವರು ಇನ್ನೂ ಬರೆಯುತ್ತಿದ್ದಾರೆ.

ಈ ಸಲ ಅಕ್ಕ ಹುಡುಗನ ಫೋಟೊವನ್ನು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಳು. ಅಷ್ಟು ಮನಸ್ಸಿಗೆ ಬಂದಿದ್ದರು. ಅವರು ಬರುವ ದಿನ ಬೆಳಿಗ್ಗೆ ನನ್ನ ಕೈ ಹಿಡಿದು, "ಸುಮಿ, ಇದೊಂದು ತಪ್ಪಸಬ್ಯಾಡ. ಇವತ್ತೊಂದಿನ ಬಾಯಿ ತೆರೀಬ್ಯಾಡ," ಎಂದಳು. ಕಣ್ಣು ತುಂಬಿಕೊಂಡಿದ್ದಳು. ನಾನು ಮಾತು ಕೊಟ್ಟೆ.

ಹೂ ಸಾಲದೆಂದು ಅವ್ವ ನನ್ನನ್ನು ಪೇಟೆಗೆ ಓಡಿಸಿದಳು. ತಿರುಗಿ ಬರುವಾಗ, ನಮ್ಮ ಅಂಗಳಕ್ಕೆ ಬಂದು ಮುಟ್ಟುವ ಹೊತ್ತಿಗೆ ಹಿಂದಿನ ಗಾಲಿ ನೆಲಕ್ಕೆ ಕುಳಿತಿತ್ತು. ಬಂದ ಬೀಗರು ಅಲ್ಲೇ ಕಾಲು ತೊಳೆಯುತ್ತಿದ್ದರು. ಬಿಳಿ ಅಂಗಿಯ ಹುಡುಗ ಗಾಲಿ ನೋಡಿದರು. ಕಿಟಕಿಯ ಹಿಂದೆ ಅಕ್ಕನ ಬಳೆ ಸದ್ದು ಮಾಡಿದವು. ಉಳಿದವರು ಒಳಗೆ ಹೋದರೂ ಅವರು ಅಂಗಿಯ ತೋಳು ಮಡಚಿಯೇ ಬಿಟ್ಟರು.

"ಪಂಕ್ಚರ್ ಆಗೈತೇನ್ರಿ? ಒಂದು ಚಮಚ ತರ್ರಿ, ನಾ ನೋಡ್ತೀನಿ."

ಚಮಚದ ಹಿಡಿಯಿಂದ ಟೈರಿನ ಅಂಚನ್ನು ಸ್ವಲ್ಪ ಎಬ್ಬಿಸಿ, ಮುಖವನ್ನು ಹತ್ತಿರ ತಂದು, "ನೀವು ಗಾಳಿ ಹೊಡೀರಿ. ಎಲ್ಲಿಂದ ಬರತೈತಿ ಗೊತ್ತಾಗಲಿ," ಎಂದರು.

ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಆದರೆ ಬಾಯಿ ತೆರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೆನಲ್ಲ! ಹುಟ್ಟಿದಾಗಿನಿಂದ ಸುಮ್ಮನಿರದವಳು ಆ ಒಂದು ನಿಮಿಷ ಸುಮ್ಮನಿದ್ದೆ. ಪಂಪು ಹೊಡೆದೆ. ಕೊಂಡಂದಿನಿಂದ ಒಮ್ಮೆಯೂ ಸರಿಯಾಗಿ ಗಾಳಿ ಬಿಡದಿದ್ದ ಆ ಕೊಳಲು ಅವತ್ತು ಕಮ್ಮಾರನ ತಿದಿಯಂತೆ ಊದಿತು. ಟೈರಿನ ಸಂದಿಯಿಂದ ಕೆಂಪು ಮೋಡವೊಂದು ಎದ್ದು ವಿಜ್ಞಾನದ ಮಾಸ್ತರರ ಮುಖಕ್ಕೆ ಬಡಿಯಿತು.

ಬಣ್ಣ ಜಾಸ್ತಿ, ಖಾರ ಕಡಿಮೆ ಎಂಬುದು ನಾಲಿಗೆಗೆ ಅನ್ವಯಿಸುವ ಮಾತು. ಕಣ್ಣು ಅಷ್ಟು ಸೂಕ್ಷ್ಮವಾಗಿ ವಿಚಾರ ಮಾಡುವುದಿಲ್ಲ.

ಸೀನುಗಳ ನಡುವೆ ಅವರು ಕೇಳಿದರು, "ಗಾಲ್ಯಾಗ... ಏನೈತ್ರಿ?"

"ಖಾರಪುಡಿರಿ."

"ಯಾಕ್ರಿ?"

"ಪಂಕ್ಚರ್ ಆಗಬಾರದು ಅಂತ್ರಿ."

ಅವರು ಮತ್ತೆ ಸೀನಿದರು.

ಅವ್ವ ನೀರು ಸುರಿದಳು. ಉರಿ ಹೆಚ್ಚಾಯಿತು. ಹಾಲಿನಲ್ಲಿ ಅದ್ದಿದ ಅರಿವೆ ಕೊಟ್ಟಳು. ಒಳಗಿನಿಂದ ಹುಡುಗನ ಕಾಕಾ, "ಲಗೂ ಬರ್ರಿ, ರಾಹುಕಾಲ ಬಂತು," ಎಂದು ಕರೆದರು. ಅಪ್ಪ ಹುಡುಗನ ಕೈ ಹಿಡಿದು ನಡೆಸಿಕೊಂಡು ಹೋಗಿ ಜಮಖಾನೆಯ ಮೇಲೆ ಕೂರಿಸಿದರು. ಅಕ್ಕ ಅವಲಕ್ಕಿಯ ತಾಟು ಹಿಡಿದು ಬಂದು ಎದುರಿಗೆ ನಿಂತಳು. ಹುಡುಗನ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು, ನೀರು ಮಾತ್ರ ಧಾರಾಕಾರ. ದೇವರ ಮನೆಯಲ್ಲಿದ್ದ, ಗಾಲಿಯ ಸಂಗತಿ ಏನೂ ತಿಳಿಯದ ದೊಡ್ಡವ್ವ ಆಗಲೇ ಹೊರಗೆ ಬಂದರು.

"ನೋಡ್ರವ್ವಾ, ನಮ್ಮ ಗಿರ್ಯಾ ಹುಡುಗೀನ ಕಂಡು ಹೆಂಗ ಅಳಾಕತ್ತಾನ. ಮಾರಿ ಕೆಂಪಗಾಗೇತಿ."

ಕಣ್ಣೆದುರು ಇಷ್ಟು ದೊಡ್ಡ ಸುಳ್ಳು ನಡೆದಾಗ ಚರ್ಚಾಪಟು ಎಷ್ಟು ಹೊತ್ತು ತಡೆದುಕೊಳ್ಳಬಹುದು? ಬಾಗಿಲಲ್ಲಿ ನಿಂತಿದ್ದ ನಾನು ಶುರು ಮಾಡಿದೆ.

"ಅದು ಅಳೂದಲ್ರಿ. ಮೊದಲನೇದಾಗಿ..."

ಅಕ್ಕ ತಾಟು ಹಿಡಿದುಕೊಂಡೇ ನನ್ನತ್ತ ನೋಡಿದಳು. ಮೂರನೆಯ ಸಂಬಂಧವೂ ಕಾಗದ ಬರೆಯಲು ಹೊರಟಿತೆಂದೇ ಅವಳ ಮುಖ ಹೇಳುತ್ತಿತ್ತು.

"ನನಗ ಒಪ್ಪಿಗಿ ಐತ್ರಿ," ಎಂದರು ಹುಡುಗ, ಕಣ್ಣು ಮುಚ್ಚಿಕೊಂಡೇ.

ಅವರು ಕಣ್ಣು ತೆರೆಯುವಷ್ಟರಲ್ಲಿ ಅಕ್ಕ ಒಳಗೆ ಓಡಿದ್ದಳು, ಕಾಕಾ ಸಕ್ಕರೆ ಹಂಚುತ್ತಿದ್ದರು.

ಮೊನ್ನೆ ರಾಣೆಬೆನ್ನೂರಿಗೆ ಹೋಗಿದ್ದಾಗ, ಊಟದ ಹೊತ್ತಿಗೆ ದೊಡ್ಡವ್ವ ಮತ್ತೆ ಆನಂದಬಾಷ್ಪದ ಕಥೆ ಎತ್ತಿದರು. ಮಾಮಾ ಎಂದಿನಂತೆ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು. ಅಕ್ಕ ಪಲ್ಯದ ಸೌಟು ಹಿಡಿದು ಅಲ್ಲೇ ನಿಂತಿದ್ದಳು. ಎಲ್ಲರೆದುರೇ ಕೇಳಿಬಿಟ್ಟೆ:

"ಖರೇ ಹೇಳ್ರಿ ಮಾಮಾ, ಅವತ್ತು ನೀವು ಅಕ್ಕನ ಮಾರೀನ ನೋಡಿಲ್ಲ. ಒಪ್ಪಿಗಿ ಐತಿ ಅಂದದ್ದು ಅಕಿ ಮ್ಯಾಲಿನ ಮನಸಿಗೋ, ಇಲ್ಲಾ ನಾ 'ಮೊದಲನೇದಾಗಿ' ಅಂದ್ನಲ್ಲಾ, ಎರಡನೇದು ಬರೂದರೊಳಗ ನನ್ನ ಬಾಯಿ ಮುಚ್ಚಸಾಕೋ?"