ಪೀಕದಾನಿ ಹಿಡಿದ ಮುತ್ಯಾ

ಹುಮನಾಬಾದಿನ ಜಾಗೀರದಾರರ ಹಳೆ ವಾಡೆಯಲ್ಲಿ ಕಸ ಗುಡಿಸುತ್ತಲೇ ಪಂಡರಿಯ ತಲೆ ಹಣ್ಣಾಗಿತ್ತು. ಭೂಸುಧಾರಣೆ ಕಾಯ್ದೆಯಿಂದ ಜಾಗೀರದಾರರ ಕೈತಪ್ಪಿದ ಜಮೀನನ್ನು ಆ ದಿನ ತಹಸೀಲ್ದಾರರು ಅದೇ ವಾಡೆಯಲ್ಲಿ ಕುಳಿತು ಭೂಹೀನರಿಗೆ ಹಂಚುವವರಿದ್ದರು. ಪಂಡರಿಗೂ ಎರಡು ಎಕರೆ ಸಿಗುವುದಿತ್ತು, ಊರಿನ ಇಬ್ಬರು ದೊಡ್ಡವರು ಸಾಕ್ಷಿ ಹಾಕಿದರೆ. ಗೋಡೆಯ ಮೇಲಿದ್ದ, ಜಾಗೀರದಾರರ ಹಿರಿಯ ರಾಜಾಸಾಹೇಬರ ದರ್ಬಾರಿನ ಚಿತ್ರವನ್ನು ದಿನಾ ಒರೆಸುವವನು ಅವನೇ ಆದ್ದರಿಂದ, ಅದರಲ್ಲಿ ಯಾರು ಯಾರ ಅಜ್ಜ-ಮುತ್ಯಾ ಎಂಬುದು ಅವನಿಗೆ ಗೊತ್ತು ಎಂದು ಊರೆಲ್ಲ ನಂಬಿತ್ತು. ಪಾಪ, ಅವನಿಗೆ ಗೊತ್ತಿದ್ದದ್ದು ಧೂಳು ಮಾತ್ರ.

ಬೆಳಿಗ್ಗೆಯೇ ಬಟ್ಟೆ ಅಂಗಡಿಯ ಮಹಾರುದ್ರಪ್ಪ ಬಂದ. "ಪಂಡರಿ, ಸಾಹೇಬರಿಗಿ ಹಳೆ ಚಿತ್ರದ ಹುಚ್ಚು ಭಾಳ ಅದ ಅಂತ. ಕೇಳಿದ್ರ, ರಾಜಾಸಾಹೇಬರ ಬಲಕ್ಕ ಕುಂತಾವ ನಮ್ಮ ಮುತ್ಯಾ ಅಂತ ಹೇಳು. ಸಾಕ್ಷಿ ಆಮ್ಯಾಲ ಹಾಕ್ತೀನಿ."

ಅವನು ಹೊಸ್ತಿಲು ದಾಟುವಷ್ಟರಲ್ಲಿ ಘಾಟಬೋರಾಳದ ಬಕ್ಕಪ್ಪ ಪಟೇಲ ಹಾಜರು. "ಬಲಕ್ಕ ಕುಂತಾವ ನಮ್ಮ ಮುತ್ಯಾ. ಹಂಗ ಅಂದ್ರ ನನ್ನ ಸಾಕ್ಷಿನೂ ಸಿಗ್ತದ, ತಿಳೀತೇನು?"

ಪಂಡರಿ ಒರೆಸುವ ಬಟ್ಟೆಯಿಂದಲೇ ಚಿತ್ರದ ಎಡಬದಿ ತೋರಿಸಿದ. "ಎಡಕ್ಕೂ ಒಬ್ರು ಕುಂತಾರಲ್ರಿ ಪಟೇಲರ. ಅವರ ಮೀಸಿ ನಿಮ್ಮಂಗೇ ಅದ ನೋಡ್ರಿ."

ಬಕ್ಕಪ್ಪ ಮೀಸೆ ನೀವಿಕೊಂಡು ಎಡಕ್ಕೆ ಒಪ್ಪಿದ.

ತಹಸೀಲ್ದಾರರು ಬಂದವರೇ ಕಾಗದಪತ್ರ ಬಿಟ್ಟು ಚಿತ್ರದ ಮುಂದೆ ನಿಂತರು. ಪಂಡರಿ ಬಲಕ್ಕೆ ಮಹಾರುದ್ರಪ್ಪನ ಮುತ್ಯಾ, ಎಡಕ್ಕೆ ಬಕ್ಕಪ್ಪನ ಮುತ್ಯಾ ಎಂದು ಒಂದೇ ಉಸಿರಿಗೆ ಒಪ್ಪಿಸಿದ.

"ಪೀಕದಾನಿ ಹಿಡಕೊಂಡು ನಿಂತಾನಲ್ಲ, ಇವ ಯಾರು?"

ಸಾಹೇಬರ ಬೆರಳು ರಾಜರ ಪಕ್ಕ ನಿಂತವನ ಮೇಲಿತ್ತು. ರಾಜರ ಎಲೆಯಡಿಕೆಯ ಉಗುಳು ಹಿಡಿದವನನ್ನು ಯಾರ ಮನೆತನಕ್ಕೆ ಅಂಟಿಸುವುದು? ಯಾರ ಹೆಸರು ಹೇಳಿದರೂ ಒದೆ ತಪ್ಪಿದ್ದಲ್ಲ.

"ನಮ್ಮ ಮುತ್ಯಾ ಅದಾನ್ರಿ," ಎಂದುಬಿಟ್ಟ ಪಂಡರಿ.

ಎಲ್ಲರೂ ನಕ್ಕು ಹಗುರಾದರು. ಸಾಹೇಬರು ಮಾತ್ರ ಕನ್ನಡಕ ಏರಿಸಿ ಚಿತ್ರಕ್ಕೆ ಮೂಗು ತಾಗಿಸಿದರು. "ಆಳಿನ ಕೊರಳಾಗ ಐದೆಳಿ ಮುತ್ತಿನ ಸರ ಎಲ್ಲಿಂದ ಬರಬೇಕು? ದರ್ಬಾರದಾಗ ಅಪ್ಪನ ಸೇವಾಕ್ಕ ಮಗಾ ನಿಲ್ಲೂದು ರಿವಾಜು. ಇವ ರಾಜಾಸಾಹೇಬರ ಸಣ್ಣ ಮಗ. ಅಂದ್ರ ನೀ ಜಾಗೀರದಾರರ ವಂಶದಾವ. ಅವರಿಂದ ತಗೊಂಡ ಜಮೀನು ತಿರುಗಿ ಅವರಿಗೇ ಹ್ಯಾಂಗ ಕೊಡೂದು?"

ಪಂಡರಿಗೆ ಕಾಲ ಕೆಳಗಿನ ನೆಲವೇ ಹೋದಂತಾಯಿತು. "ಸುಳ್ಳ ಹೇಳೀನ್ರಿ ಸಾಹೇಬರ. ನಾ ಕಸ ಹೊಡಿಯಾವ. ನನಗೇನೂ ಗೊತ್ತಿಲ್ರಿ."

"ಹಂಗಾದ್ರ ಬಲಕ್ಕ ಕುಂತಾವ, ಎಡಕ್ಕ ಕುಂತಾವ, ಅವೂ ಸುಳ್ಳೇನು?"

ಪಂಡರಿ ಬಾಯಿ ತೆರೆಯುವ ಮೊದಲೇ ಮಹಾರುದ್ರಪ್ಪ ಮುಂದೆ ನುಗ್ಗಿದ. "ಅಂವ ಮೊದಲ ಹೇಳಿದ್ದೇ ಖರೆ ಅದರಿ. ನಾವು ಸಾಕ್ಷಿ ಇದ್ದೀವಿ." ಬಕ್ಕಪ್ಪ ಆಗಲೇ ಪೆನ್ನಿನ ಟೊಪ್ಪಿಗೆ ತೆಗೆದಿದ್ದ. ಪಂಡರಿ ರಾಜವಂಶದವನೇ ಎಂಬ ಕಾಗದಕ್ಕೆ ಇಬ್ಬರೂ ದುಂಡಗೆ ರುಜು ಹಾಕಿದರು.

ಸಾಹೇಬರು ಅವನ ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. ಆಮೇಲೆ ಕುರ್ಚಿಯಿಂದ ಅರ್ಧ ಎದ್ದು, ಕೈ ಮುಗಿದು, ಬಲು ಮರ್ಯಾದೆಯಿಂದ ಹೇಳಿದರು:

"ನೀವಿನ್ನ ಹೋಗಬಹುದ್ರಿ, ರಾಜಾಸಾಹೇಬರ."