ಮಿಲಿಟರಿ ವಕೀಲೆಯನ್ನು ನೋಡಲು ಬಂದವರು

ನೀವೇ ಫೀಸು ಕಟ್ಟಿ ಮಕ್ಕಳಿಗೆ ಲಾ ಓದಿಸಿ, ಅವರ ಮೊದಲ ವಾದದಲ್ಲಿ ನೀವೇ ಸೋತದ್ದುಂಟೆ? ನಾನು ಸೋತಿದ್ದೇನೆ. ಅದೂ ಸಾಗರದ ನಮ್ಮ ಅಡುಗೆಮನೆಯಲ್ಲಿ, ಸೌಟು ಕೈಯಲ್ಲಿರುವಾಗಲೇ.

ಮಗಳು ಸಿಂಚನಾಳದು ಲಾ ಕೊನೆಯ ವರ್ಷ. ಮುಗಿಸಿ ತೀರ್ಥಹಳ್ಳಿಯಲ್ಲಿ ನನ್ನ ಅಣ್ಣನ ಆಫೀಸು ಸೇರಿ, ಬೇಲಿ ಜಗಳ ನೋಡಿಕೊಂಡು ಹಾಯಾಗಿರುತ್ತಾಳೆ ಎಂದು ನಾನೇ ತೀರ್ಮಾನಿಸಿದ್ದೆ. ಅವಳು ನೋಡಿದರೆ ಸೈನ್ಯ ಸೇರಿ ಅಲ್ಲೇ ವಕೀಲಿ ಮಾಡುತ್ತೇನೆಂದಳು. ಮಿಲಿಟರಿ ಎಂದರೆ ನನಗೆ ಗೊತ್ತಿದ್ದದ್ದು ಹೋಟೆಲು ಮಾತ್ರ. ಅಲ್ಲಿ ಕೋಳಿಗೆ ನ್ಯಾಯ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ. ಸೈನಿಕರಿಗೂ ವಿಚಾರಣೆ ಇರುತ್ತದೆ, ಅದಕ್ಕೆ ಕಾನೂನು ಬಲ್ಲ ಅಧಿಕಾರಿ ಬೇಕು, ಲಾ ಮುಗಿಸಿ ಸಂದರ್ಶನ ಗೆದ್ದರೆ ಚೆನ್ನೈಯಲ್ಲಿ ತರಬೇತಿ ಎಂದೆಲ್ಲ ವಿವರಿಸಿದಳು. ಕೊನೆಗೆ ಮೆಲ್ಲಗೆ, "ಟ್ರೈನಿಂಗ್ ಮುಗಿಯೋ ತನ್ಕ ಮದ್ವೆ ಆಗಂಗಿಲ್ಲಮ್ಮ. ರೂಲ್ಸು" ಅಂದಳು.

ಆ ಭಾನುವಾರವೇ ಹೊಸನಗರದಿಂದ ಗಂಡಿನ ಕಡೆಯವರು ಬರುವವರಿದ್ದರು. ಕರೆದವಳು ನಾನೇ.

"ದೇಶ ಆಮೇಲ್ ಕಾಯಿ. ಅವ್ರು ಬಂದಾಗ ಬಾಯಿ ಕಾಯ್ಕೋ" ಎಂದೆ. ಒಂದಕ್ಷರ ಆಡುವುದಿಲ್ಲವೆಂದು ಮಾತು ಕೊಟ್ಟಳು.

ಬಂದರು. ಹುಡುಗ ಒಳ್ಳೆಯವನೇ, ತಲೆಬಗ್ಗಿಸಿ ಅವಲಕ್ಕಿ ತಿನ್ನುತ್ತಿದ್ದ. ಅವನ ತಾಯಿ ಮಾತ್ರ ತುಂಬ ಉದಾರಿ.

"ಲಾ ಓದಿದ್ದಕ್ಕೆ ನಮ್ದೆಂತ ಬೇಜಾರಿಲ್ಲ. ಮದ್ವೆ ಆದ್ಮೇಲೆ ಎಲ್ಲ ಮರ್ತೋಗುತ್ತೆ ಬಿಡಿ" ಎಂದರು.

ಮಗಳು ಕೊಟ್ಟ ಮಾತಿನಂತೆ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದು ನನ್ನ ಬಾಯಿ. "ಮರಿಯಕ್ಕೆ ಅದೇನು ಬಸ್ಸಲ್ ಬಿಟ್ ಬರೋ ಕೊಡೆನಾ? ಅವ್ಳು ಮಿಲ್ಟ್ರಿಲಿ ಲಾಯರ್ ಆಗ್ತಾಳೆ. ಅಲ್ಲೀ ತನ್ಕ ಮದ್ವೆ ಆಗಂಗಿಲ್ಲ. ರೂಲ್ಸು."

ಕಾಫಿ ಕಪ್ಪುಗಳು ಅರ್ಧದಲ್ಲೇ ಉಳಿದವು. ಕಾರು ಗೇಟು ದಾಟಿದ ಮೇಲೆ ಮಗಳು, "ನಾನಂತೂ ಬಾಯೇ ಬಿಟ್ಟಿಲ್ಲ" ಎಂದಳು. ನಗು ತಡೆದುಕೊಂಡೇ ಹೇಳಿದಳು, ಕಳ್ಳಿ.

ಈಗ ಕಷ್ಟವೆಲ್ಲ ನನ್ನದು. ಅವಳು ಆಯ್ಕೆಯಾಗದಿದ್ದರೆ ನಾನು ಹೊಸನಗರದ ಬಸ್ಸು ಹತ್ತುವ ಹಾಗಿಲ್ಲ. ಹಾಗಾಗಿ ಬೆಳಗಾದರೆ ಅವಳನ್ನು ಓಡಲು ಎಬ್ಬಿಸುವ ಹವಾಲ್ದಾರಳು ನಾನೇ. ದೇಶ ಕಾಯಲು ಹೊರಟವಳು ಕಂಬಳಿಯೊಳಗಿಂದ ಇನ್ನೈದು ನಿಮಿಷ ವಾಯಿದೆ ಕೇಳುತ್ತಾಳೆ.

ಹೀಗೆ ತಾವೇ ಕರೆಸಿದ ಸಂಬಂಧವನ್ನು ತಾವೇ ಓಡಿಸಿದವರು ನಿಮ್ಮಲ್ಲಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಆ ಹುಡುಗನ ತಾಯಿ ನನ್ನ ಪೋಸ್ಟುಗಳನ್ನೆಲ್ಲ ಓದುತ್ತಾರಂತೆ. ಇಂಥ ಹೆಂಗಸು ನಾನೊಬ್ಬಳೇ ಅಲ್ಲ ಎಂದು ಅವರಿಗೂ ಗೊತ್ತಾಗಲಿ.